ಸೊಂಟ ಸಣ್ಣ ಮಾಡುವ ಮೊದಲು

ಮಗಳೇ,

ನೀನು ಜಿಂಪ್ ಕಲಿತು ಫೋಟೋ ಎಡಿಟಿಂಗ್ ಕೆಲಸ ಹಿಡಿದಿದ್ದೀಯ ಎಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ಕ್ರ್ಯಾಕ್ ಮಾಡಿದ ಫೋಟೋಶಾಪ್ ಹಾಕಿಕೊಳ್ಳದೆ, ನ್ಯಾಯವಾಗಿ ಪುಕ್ಕಟೆ ಸಿಗುವ ತಂತ್ರಾಂಶವನ್ನು ಆರಿಸಿಕೊಂಡೆಯಲ್ಲ, ಅದಕ್ಕೆ ಮೊದಲು ಭೇಷ್ ಅನ್ನುತ್ತೇನೆ. 1995ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ಹುಡುಗರು ಶುರು ಮಾಡಿದ ಕೆಲಸ ಅದು. ಆಮೇಲೆ ಬೇರೆ ಬೇರೆ ದೇಶಗಳ ಜನ ತಮ್ಮ ಬಿಡುವಿನ ಹೊತ್ತು ಕೊಟ್ಟು ಅದನ್ನು ಬೆಳೆಸಿದರು. ದುಡ್ಡಿಲ್ಲದವರ ಕೈಗೂ ಒಳ್ಳೆಯ ಸಲಕರಣೆ ಸಿಗಲಿ ಎಂಬ ಮನಸ್ಸು ಅದರ ಹಿಂದಿದೆ. ಅಂಥದ್ದು ನಿನ್ನ ಮೇಜಿನ ಮೇಲಿದೆ ಎಂಬುದೇ ನನಗೆ ಸಂತೋಷ.

ಬಣ್ಣ ಸರಿಮಾಡುವುದು, ಹಿನ್ನೆಲೆ ಬದಲಿಸುವುದು, ಆಲ್ಬಂ ಹಾಳೆ ಜೋಡಿಸುವುದು ಇವನ್ನೆಲ್ಲ ನೀನು ಯೂಟ್ಯೂಬ್ ನೋಡಿಯೇ ಕಲಿಯುತ್ತೀ. ನಾನು ಹೇಳಬೇಕೆಂದಿರುವುದು ಒಂದೇ ಕೆಲಸದ ಬಗ್ಗೆ. ಇನ್ನು ಸ್ವಲ್ಪ ದಿನಕ್ಕೇ ಯಾರಾದರೂ ಬಂದು, ನಿನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಪರದೆಗೆ ಬೆರಳು ಮುಟ್ಟಿಸಿ, “ಇಲ್ಲಿ ಸ್ವಲ್ಪ ಸಣ್ಣ ಮಾಡ್ಬಿಡಿ ಮೇಡಂ” ಅನ್ನುತ್ತಾರೆ. ಆ ಬೆರಳು ಮುಟ್ಟಿದ ಜಾಗ ಒಬ್ಬರ ಮೈ. ಎಷ್ಟೋ ಸಲ ಬೆರಳು ಇಟ್ಟವರ ಮೈ ಅದಾಗಿರುವುದಿಲ್ಲ.

ಈ ಬೇಡಿಕೆ ಕಂಪ್ಯೂಟರಿಗಿಂತ ಬಹಳ ಹಳೆಯದು. 1855ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಮ್ಯೂನಿಕ್‌ನ ಫ್ರಾಂಝ್ ಹಾನ್‌ಫ್‌ಸ್ಟೇಂಗ್ಲ್ ಎಂಬ ಛಾಯಾಗ್ರಾಹಕ ತಿದ್ದಿದ ನೆಗೆಟಿವ್ ಒಂದನ್ನು, ತಿದ್ದುವ ಮೊದಲಿನ ಮತ್ತು ಆಮೇಲಿನ ಪ್ರಿಂಟುಗಳ ಸಮೇತ ಜನರ ಮುಂದಿಟ್ಟಿದ್ದ. ನಾನು ಕೆಲಸ ಕಲಿತ ಕಾಲಕ್ಕೂ ಸ್ಟುಡಿಯೋಗಳಲ್ಲಿ ಟಚಿಂಗ್ ಡೆಸ್ಕ್ ಎಂಬ ಇಳಿಜಾರು ಹಲಗೆ ಇರುತ್ತಿತ್ತು. ನಡುವೆ ಉಜ್ಜಿದ ಗಾಜು, ಕೆಳಗೆ ಬೆಳಕು ಮೇಲಕ್ಕೆ ಹಾಯಿಸಲು ಕನ್ನಡಿ. ನೆಗೆಟಿವ್‌ನ ಎಮಲ್ಷನ್ ಬದಿಗೆ ರಾಳದ ದ್ರವವನ್ನು ತೆಳ್ಳಗೆ ಸವರಿ, ಮರಳುಕಾಗದದ ಮೇಲೆ ಉಜ್ಜಿ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮೊಡವೆಯ ಕಲೆ, ಕಣ್ಣ ಕೆಳಗಿನ ಗೆರೆ ತುಂಬುತ್ತಿದ್ದೆವು. ನೆಗೆಟಿವ್ ಮೇಲೆ ಪೆನ್ಸಿಲ್ ಬಿದ್ದ ಕಡೆ ಪ್ರಿಂಟು ಬೆಳ್ಳಗಾಗುತ್ತದೆ, ಬ್ಲೇಡಿನಿಂದ ಹೆರೆದ ಕಡೆ ಕಪ್ಪಾಗುತ್ತದೆ. ಹಿಂದಿನ ಪರದೆ ಕಪ್ಪಾಗಿದ್ದರೆ ಸೊಂಟದ ಅಂಚನ್ನು ಹೆರೆದು ಆ ಕಪ್ಪಿಗೆ ಸೇರಿಸಿಬಿಟ್ಟರೆ ಮುಗಿಯಿತು, ಆಳು ತೆಳ್ಳಗೆ. ಆದರೆ ಹೆರೆದದ್ದು ವಾಪಸು ಬರುತ್ತಿರಲಿಲ್ಲ. ಕೈ ಒಂಚೂರು ಜಾರಿದರೆ ನೆಗೆಟಿವ್ ಹೋಯಿತು, ಗಿರಾಕಿಯೂ ಹೋದ. ಆ ಹೆದರಿಕೆಯೇ ನಮ್ಮನ್ನು ಎಷ್ಟೋ ಕಡೆ ತಡೆಯಿತು. ನಿನಗೆ ಕಂಟ್ರೋಲ್ ಝಡ್ ಇದೆ, ಹೆದರಿಕೆ ಇಲ್ಲ. ಆದ್ದರಿಂದ ತಡೆಯುವ ಕೆಲಸ ನಿನ್ನ ಮನಸ್ಸೇ ಮಾಡಬೇಕು.

ಹಾಗೆಂದು ಕಲಿಯಬೇಡ ಅನ್ನುತ್ತಿಲ್ಲ. ಪೂರ್ತಿ ಕಲಿ. ಅರೆಬರೆ ಕಲಿತವರೇ ಹೆಚ್ಚು ಹಾಳು ಮಾಡುವುದು.

ಜಿಂಪ್‌ನ ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಐವಾರ್ಪ್ ಎಂಬ ಫಿಲ್ಟರ್ ಇತ್ತು. ಪುಟ್ಟ ಕಿಟಕಿಯೊಂದರಲ್ಲಿ ಕಣ್ಣು ಕಿರಿದು ಮಾಡಿಕೊಂಡು ತಳ್ಳಬೇಕಿತ್ತು. 2018ರಲ್ಲಿ 2.10 ಆವೃತ್ತಿ ಬಂದಾಗ ಅದರ ಬದಲು ವಾರ್ಪ್ ಟ್ರಾನ್ಸ್‌ಫಾರ್ಮ್ ಎಂಬ ಟೂಲ್ ಕೊಟ್ಟರು. ಕೀಲಿಮಣೆಯಲ್ಲಿ ಡಬ್ಲ್ಯೂ ಒತ್ತಿದರೆ ಸಾಕು, ಚಿತ್ರದ ಮೇಲೆಯೇ ಕೆಲಸ ಮಾಡಬಹುದು. ಪಿಕ್ಸೆಲ್ ಸರಿಸುವುದು, ಜಾಗ ಹಿಗ್ಗಿಸುವುದು, ಕುಗ್ಗಿಸುವುದು, ಮಾಡಿದ್ದನ್ನು ಅಳಿಸುವುದು, ನಯಗೊಳಿಸುವುದು ಎಲ್ಲ ಅದರಲ್ಲೇ ಇದೆ. ಹೊಸಬರು ಬ್ರಷ್ ಚಿಕ್ಕದಿಟ್ಟು ಸ್ಟ್ರೆಂತ್ ಜಾಸ್ತಿ ಇಡುತ್ತಾರೆ. ಆಗ ತೋಳಿನ ಅಂಚು ಅಂಕುಡೊಂಕಾಗುತ್ತದೆ. ತಿದ್ದಬೇಕಾದ ಭಾಗಕ್ಕಿಂತ ಬ್ರಷ್ ದೊಡ್ಡದಿರಲಿ, ಸ್ಟ್ರೆಂತ್ ಕಡಿಮೆ ಇರಲಿ, ಸ್ವಲ್ಪ ಸ್ವಲ್ಪವೇ ಸರಿಸು. ಮೂಲ ಲೇಯರ್ ಮುಟ್ಟದೆ ಅದರ ನಕಲಿನ ಮೇಲೆ ಮಾಡು. ಅಳಿಸುವ ಬ್ರಷ್ ಕೆಲಸ ಮಾಡುವುದು ನೀನು ಎಂಟರ್ ಒತ್ತುವವರೆಗೆ ಮಾತ್ರ, ಹಾಗಾಗಿ ಒತ್ತುವ ಮುಂಚೆ ಒಂದು ಸಲ ಎದ್ದು ದೂರ ನಿಂತು ನೋಡು. ತೋಳು, ಕಾಲಿನಂಥ ಉದ್ದನೆಯ ಭಾಗಗಳಿಗೆ ಕೇಜ್ ಟ್ರಾನ್ಸ್‌ಫಾರ್ಮ್ ವಾಸಿ. ಅದು 2012ರ 2.8 ಆವೃತ್ತಿಯಿಂದಲೇ ಇದೆ. ಸುತ್ತ ಚುಕ್ಕಿ ಇಟ್ಟು ಬೇಲಿ ಕಟ್ಟಿಕೊಂಡು, ಆ ಚುಕ್ಕಿಗಳನ್ನು ಎಳೆದರೆ ಒಳಗಿನದು ಅದಕ್ಕೆ ತಕ್ಕ ಹಾಗೆ ಸರಿಯುತ್ತದೆ.

ಈಗ ಒಂದು ಮದುಮಗಳ ಫೋಟೋ ತೆರೆ. ಅವಳ ಸೊಂಟಕ್ಕೆ ಡಾಬು, ತೋಳಿಗೆ ವಂಕಿ, ಹಿಂದೆ ಮಂಟಪದ ಕಂಬ. ಸೊಂಟವನ್ನು ಎರಡೂ ಕಡೆಯಿಂದ ಒಳಕ್ಕೆ ತಳ್ಳಿ ನೋಡು. ಮೊದಲು ಕಂಬ ಅವಳ ಕಡೆಗೆ ಬಾಗುತ್ತದೆ. ಆಮೇಲೆ ಡಾಬಿನ ಕೊನೆಯ ಮಣಿಗಳು ಗುಂಡಗಿದ್ದದ್ದು ಕಿರಿದಾಗಿ ನಿಂತುಕೊಳ್ಳುತ್ತವೆ. ಸೀರೆಯ ಜರಿ ಅಂಚು ನೇರವಾಗಿ ಇಳಿದು ಬರುತ್ತಿದ್ದದ್ದು ಅಲ್ಲೊಂದು ಕಡೆ ಸೊಟ್ಟಗಾಗುತ್ತದೆ. ತೋಳು ಸಣ್ಣ ಮಾಡಿದರೆ ವಂಕಿಯ ಎರಡು ಬದಿ ಹೊಂದುವುದಿಲ್ಲ. ನೋಡುವವರಿಗೆ ಏನಾಗಿದೆ ಎಂದು ಹೇಳಲು ಬರದಿದ್ದರೂ, ಏನೋ ಸರಿಯಿಲ್ಲ ಎಂಬುದು ಕಣ್ಣಿಗೆ ಗೊತ್ತಾಗಿಬಿಡುತ್ತದೆ.

ಇನ್ನೊಂದು ವಿಷಯ ಯೋಚನೆ ಮಾಡು. ಸೊಂಟ ಒಳಕ್ಕೆ ಸರಿದಾಗ ತೆರವಾದ ಆ ಎರಡು ಬೆರಳಗಲ ಜಾಗದಲ್ಲಿ, ಅವಳ ಹಿಂದೆ, ಏನಿತ್ತು? ಕ್ಯಾಮೆರಾ ಅದನ್ನು ನೋಡಿಯೇ ಇಲ್ಲ, ಅವಳ ಮೈ ಅಡ್ಡ ಇತ್ತು. ತಂತ್ರಾಂಶ ಪಕ್ಕದಲ್ಲಿದ್ದ ಕಂಬವನ್ನೇ ಹಿಗ್ಗಿಸಿ ಅಲ್ಲಿ ತುಂಬುತ್ತದೆ. ಇದನ್ನು ಅಚ್ಚುಕಟ್ಟಾಗಿ ಮಾಡಬೇಕೆಂದರೆ ಅವಳನ್ನು ಬೇರೆ ಲೇಯರಿಗೆ ಕತ್ತರಿಸಿಕೊಂಡು, ಕೆಳಗಿನ ಹಿನ್ನೆಲೆಯನ್ನು ಕ್ಲೋನ್ ಟೂಲಿನಿಂದ ನೀನೇ ತುಂಬಿ, ಆಮೇಲೆ ಅವಳೊಬ್ಬಳನ್ನೇ ತಿದ್ದಬೇಕು. ಅಲ್ಲಿಗೆ ಫೋಟೋದ ಒಂದು ಭಾಗ ನೀನು ಬರೆದ ಚಿತ್ರವಾಯಿತು. ಇಷ್ಟು ದೊಡ್ಡ ಕೆಲಸವನ್ನು ಯಾವುದಕ್ಕಾಗಿ ಮಾಡುತ್ತಿದ್ದೇನೆ ಎಂದು ಕೇಳಿಕೊಳ್ಳುವ ಜಾಗ ಇದೇ.

ನನ್ನ ತೀರ್ಮಾನ ಹೇಳುತ್ತೇನೆ. ಕ್ಯಾಮೆರಾ ಕೆಡಿಸಿದ್ದನ್ನು ತಿದ್ದು. ಮೈ ಇದ್ದ ಹಾಗೆ ಬಿಡು.

ಕ್ಯಾಮೆರಾ ಕೆಡಿಸುವುದು ನೀನು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಮದುವೆಯ ಗ್ರೂಪ್ ಫೋಟೋವನ್ನು ಇಕ್ಕಟ್ಟು ಛತ್ರದಲ್ಲಿ ವೈಡ್ ಲೆನ್ಸ್ ಹಾಕಿ ತೆಗೆದರೆ ನಡುವೆ ಇರುವವರು ಸರಿಯಾಗಿರುತ್ತಾರೆ, ಸಾಲಿನ ತುದಿಯಲ್ಲಿ ನಿಂತವರು ಅಡ್ಡಡ್ಡ ಹಿಗ್ಗುತ್ತಾರೆ. ತುದಿಯಲ್ಲಿ ಯಾರು ನಿಂತಿರುತ್ತಾರೆ? ಕರೆದ ಮೇಲೆ ಕೊನೆಗೆ ಬಂದು ಸಂಕೋಚದಿಂದ ಸೇರಿಕೊಂಡ ಅತ್ತೆಯೋ ಚಿಕ್ಕಮ್ಮನೋ. ಅವರ ಮುಖ, ತೋಳು ಹಿಗ್ಗಿ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ಅದು ಅವರ ಮೈ ಖಂಡಿತ ಅಲ್ಲ, ಲೆನ್ಸಿನ ಗುಣ. ಅದನ್ನು ವಾಪಸು ಒಳಕ್ಕೆ ತರುವುದು ಅವರಿಗೆ ಮಾಡುವ ನ್ಯಾಯ. ವಾರ್ಪ್ ಟೂಲ್ ನನಗೆ ಬಹಳ ಮೆಚ್ಚುಗೆಯಾಗುವುದು ಈ ಕೆಲಸಕ್ಕೆ.

ಸೆಲ್ಫಿಯಲ್ಲಿ ಮೂಗು ದಪ್ಪ ಬರುವುದೂ ಹೀಗೆಯೇ. ಒಂದು ಅಡಿ ದೂರದಿಂದ ತೆಗೆದ ಫೋಟೋದಲ್ಲಿ, ಐದು ಅಡಿ ದೂರದಿಂದ ತೆಗೆದದ್ದಕ್ಕೆ ಹೋಲಿಸಿದರೆ, ಮೂಗಿನ ಅಗಲ ಸುಮಾರು 30 ಪರ್ಸೆಂಟ್ ಹೆಚ್ಚು ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಲೆಕ್ಕ ಹಾಕಿ ಪ್ರಕಟಿಸಿತು. ಮುಖದ ಶಸ್ತ್ರಚಿಕಿತ್ಸೆಯ ವೈದ್ಯರಿಗೆ ಈ ಲೆಕ್ಕ ಯಾಕೆ ಬೇಕಾಯಿತು ಗೊತ್ತೇ? ಸೆಲ್ಫಿ ತೋರಿಸಿ ಮೂಗು ಸಣ್ಣ ಮಾಡಿಕೊಡಿ ಎಂದು ಕೇಳಿಕೊಂಡು ಜನ ಬರುತ್ತಿದ್ದರು. ಇಲ್ಲದ ದೋಷಕ್ಕೆ ಕತ್ತಿ ಹಾಕಿಸಿಕೊಳ್ಳಲು ತಯಾರಾದವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಯಾರಾದರೂ ನಿನ್ನ ಮುಂದೆ ಮೂಗಿನ ಮಾತೆತ್ತಿದರೆ ಮೌಸ್ ಹಿಡಿಯಬೇಡ. ಎದ್ದು ಐದಾರು ಅಡಿ ಹಿಂದೆ ಹೋಗಿ ಝೂಮ್ ಮಾಡಿ ಇನ್ನೊಂದು ಫೋಟೋ ತೆಗೆದು ತೋರಿಸು.

ಫ್ಯಾನಿನ ಗಾಳಿಗೆ ಉಬ್ಬಿದ ನೆರಿಗೆ, ಕೂತಾಗ ಹೊಟ್ಟೆಯ ಮೇಲೆ ಗುಪ್ಪೆಯಾದ ಕುರ್ತಾ, ತೋಳು ಹಿಂಡಿ ಕೂತ ರವಿಕೆ ತೋಳು, ಇವೆಲ್ಲ ಬಟ್ಟೆಯ ದೋಷ. ಧಾರಾಳವಾಗಿ ತಿದ್ದು. ಚರ್ಮಕ್ಕೆ ಹಳೆಯ ಟಚಿಂಗ್‌ನವರದೊಂದು ನಿಯಮ ಇತ್ತು: ಹದಿನೈದು ದಿನದಲ್ಲಿ ತಾನಾಗಿಯೇ ಹೋಗುವಂಥದ್ದನ್ನು ತೆಗೆಯಬಹುದು, ಇರುವಂಥದ್ದನ್ನು ತೆಗೆಯಬಾರದು. ಮೊಡವೆ ತೆಗೆ, ಮಚ್ಚೆ ಬಿಡು. ಬಾಲ್ಯದಲ್ಲಿ ಬಿದ್ದು ಹುಬ್ಬಿನ ಮೇಲೆ ಉಳಿದ ಗಾಯದ ಗುರುತನ್ನು ಕೇಳದೆ ಅಳಿಸಬೇಡ.

ತೆಗೆಯುವಾಗಲೇ ಗಮನ ಕೊಟ್ಟರೆ ತಿದ್ದುವ ಕೆಲಸ ಮುಕ್ಕಾಲು ಪಾಲು ಇರುವುದೇ ಇಲ್ಲ. ಎದುರಿಗೆ ನೆಟ್ಟಗೆ ನಿಲ್ಲಿಸಬೇಡ, ಮೈ ಸ್ವಲ್ಪ ಓರೆಯಾಗಲಿ, ಭಾರ ಹಿಂದಿನ ಕಾಲಿನ ಮೇಲಿರಲಿ. ತೋಳನ್ನು ಪಕ್ಕೆಗೆ ಒತ್ತಿಕೊಂಡರೆ ಎಂಥ ತೋಳೂ ಅಗಲವಾಗುತ್ತದೆ. ತೋಳಿಗೂ ಸೊಂಟಕ್ಕೂ ನಡುವೆ ಒಂದಿಷ್ಟು ಬೆಳಕು ಕಾಣಲಿ. ಬೆಳಕು ಒಂದು ಬದಿಯಿಂದ ಬರಲಿ. ಪೂರ್ತಿ ನಿಂತ ಫೋಟೋಗೆ ಕ್ಯಾಮೆರಾ ಎದೆಯ ಮಟ್ಟಕ್ಕಿಂತ ಮೇಲಿದ್ದರೆ ಕಾಲು ಮೋಟಾಗುತ್ತದೆ, ಸ್ವಲ್ಪ ಇಳಿಸು. ಮುಖ್ಯವಾಗಿ ಅವರ ಜೊತೆ ಎರಡು ಮಾತಾಡು. ಫೋಟೋ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬ ಗಾಬರಿಯಲ್ಲಿ ನಿಂತವರ ಭುಜ ಕಿವಿಯವರೆಗೆ ಏರಿರುತ್ತದೆ.

ವಧುವರರ ಫೋಟೋದ ವಿಷಯಕ್ಕೆ ಬರೋಣ, ನಿನಗೆ ಬಹಳ ಕಷ್ಟ ಬರುವುದು ಅಲ್ಲೇ. ಒಮ್ಮೆ ಒಬ್ಬ ಅಣ್ಣ ತಂಗಿಯನ್ನು ಕರೆದುಕೊಂಡು ಬಂದಿದ್ದ. ಜಾತಕದ ಜೊತೆ ಗಂಡಿನ ಕಡೆಯವರಿಗೆ ಕಳಿಸುವ ಫೋಟೋ. ತೋಳು ಸಣ್ಣ ಕಾಣಲಿ, ಒಂಚೂರು ಎತ್ತರ ಕಾಣಲಿ, ಬಣ್ಣ ತಿಳಿಯಾಗಲಿ ಎಂದು ಒಂದೊಂದಾಗಿ ಹೇಳುತ್ತ ಹೋದ. ತರಕಾರಿ ಕೊಳ್ಳುವವರು ಬದನೆಕಾಯಿ ತಿರುಗಿಸಿ ನೋಡುತ್ತಾರಲ್ಲ, ಆ ಧಾಟಿ. ಅವಳು ಬೆಂಚಿನ ತುದಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ಅವಳ ಕಡೆ ತಿರುಗಿ, “ನಿನಗೆ ಹೇಗೆ ಬೇಕಮ್ಮಾ?” ಎಂದೆ. “ಅಂಕಲ್, ಫೋಟೋ ನೋಡಿ ಒಪ್ಪಿದ ಮೇಲೆ ಅವ್ರು ನನ್ನ ನೋಡೋಕೆ ಬರ್ತಾರಲ್ಲ, ಆವಾಗ ನಾನೇನ್ ಮಾಡ್ಲಿ?” ಎಂದಳು. ಅಣ್ಣನ ಬಾಯಿ ಕಟ್ಟಿತು. ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ಹೊಸದಾಗಿ ಫೋಟೋ ತೆಗೆದೆ, ಒಂದು ಗೆರೆಯನ್ನೂ ತಿದ್ದಲಿಲ್ಲ.

ಅವಳ ಪ್ರಶ್ನೆಯನ್ನು ನೀನು ಮನಸ್ಸಿನಲ್ಲಿಟ್ಟುಕೋ. ತಿದ್ದಿದ ಫೋಟೋ ಕಳಿಸಿದವರು ಯಾರೇ ಇರಲಿ, ಗಂಡಿನ ಕಡೆಯವರು ಕಣ್ಣಿಂದ ಅಳೆಯುವಾಗ ಕಾಫಿ ತಟ್ಟೆ ಹಿಡಿದು ಎದುರಿಗೆ ನಿಲ್ಲುವವಳು ಅವಳು. ಇದು ಹುಡುಗಿಯರಿಗೆ ಮಾತ್ರ ಎಂದೂ ತಿಳಿಯಬೇಡ. ಕೂದಲು ತುಂಬಿಸಿ, ಹೊಟ್ಟೆ ಇಳಿಸಿ ಎಂದು ಕೇಳುವ ಗಂಡುಮಕ್ಕಳೂ, ಅವರ ಪರವಾಗಿ ಕೇಳುವ ತಾಯಂದಿರೂ ಬರುತ್ತಾರೆ.

ಆದ್ದರಿಂದ ಯಾರದ್ದೇ ಮೈ ತಿದ್ದುವ ಮಾತು ಬಂದಾಗ ಜೊತೆಗೆ ಬಂದವರನ್ನು ಟೀ ಕುಡಿದು ಬರಲು ಕಳಿಸಿ, ಫೋಟೋದಲ್ಲಿರುವವರನ್ನು ಒಬ್ಬರನ್ನೇ ಕೇಳು. ಇದು ನನ್ನಂಥ ಮುದುಕನಿಗಿಂತ ನಿನ್ನಿಂದ ಚೆನ್ನಾಗಿ ಆಗುತ್ತದೆ. ಹೆಣ್ಣುಮಕ್ಕಳು ನನ್ನ ಹತ್ತಿರ ಹೇಳಲು ಹಿಂಜರಿದದ್ದನ್ನು ನಿನ್ನ ಹತ್ತಿರ ಹೇಳುತ್ತಾರೆ. ಅವರೇ ಮನಸಾರೆ, ತಮ್ಮ ಸಂತೋಷಕ್ಕಾಗಿ, ಸ್ವಲ್ಪ ತಿದ್ದಿಕೊಡು ಎಂದರೆ ತಿದ್ದಿಕೊಡು. ಅವರ ಮೈ, ಅವರ ಫೋಟೋ. ಅಲ್ಲಿ ನೀನು ಉಪದೇಶ ಮಾಡುತ್ತ ಕೂರಬಾರದು. ನಾಮಕರಣದ ದಿನದ ಫೋಟೋ ನೋಡಿ ಬಾಣಂತಿಯೊಬ್ಬಳು ಹೊಟ್ಟೆ ಕಾಣುತ್ತಿದೆ ಎಂದು ಬೇಜಾರು ಮಾಡಿಕೊಂಡರೆ ಸೆರಗಿನ ಮಡಿಕೆ ಸರಿಮಾಡು, ತಿದ್ದಿದ್ದು, ತಿದ್ದದೆ ಇದ್ದದ್ದು ಎರಡನ್ನೂ ಕೊಡು. ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದು ಅವಳಿಗೆ ಬಿಟ್ಟದ್ದು.

ಒಂದು ಮಾತ್ರ ಯಾವತ್ತೂ ಮಾಡಬೇಡ ಕಣಮ್ಮ. ಅವರು ಕೇಳದೆ ನೀನಾಗಿಯೇ “ಇಲ್ಲಿ ಸ್ವಲ್ಪ ಸಣ್ಣ ಮಾಡ್ಲಾ?” ಎನ್ನಬೇಡ. ಹದಿನೇಳು ಹದಿನೆಂಟರ ಹುಡುಗಿಗೆ ತನ್ನ ಗಲ್ಲದ ಕೆಳಗೆ ಏನಿದೆ ಎಂಬ ಯೋಚನೆಯೇ ಇರುವುದಿಲ್ಲ. ನೀನು ಒಂದು ಸಲ ಬೆರಳು ತೋರಿಸಿದರೆ ಆಮೇಲೆ ಕನ್ನಡಿ ನೋಡಿದಾಗಲೆಲ್ಲ ಅವಳಿಗೆ ಅದೇ ಕಾಣುತ್ತದೆ. ರೇಟ್ ಕಾರ್ಡಿನಲ್ಲಿ ಮೈ ತೆಳ್ಳಗೆ ಮಾಡಿಕೊಡುವುದಕ್ಕೆ ಇಷ್ಟು ಎಂದು ಬರೆದು ಗೋಡೆಗೆ ಹಾಕಬೇಡ. ಈಗ ಫೋನುಗಳೇ ಕೇಳದೆ ಮುಖ ಸಣ್ಣ ಮಾಡಿ ಕೊಡುತ್ತಿವೆ, ಆ ಮಕ್ಕಳಿಗೆ ತಮ್ಮ ಮುಖ ಇದ್ದ ಹಾಗೆ ಸಿಗುವ ಒಂದು ಜಾಗವಾದರೂ ಇರಲಿ.

ಇಷ್ಟೆಲ್ಲ ಹೇಳಿದ ನಾನೇ ಒಂದು ಕೆಲಸದಲ್ಲಿ ಮೈ ತುಂಬಿಸು ಎನ್ನುತ್ತೇನೆ. ಯಾರದೋ ತಂದೆ ತೀರಿಕೊಂಡಿರುತ್ತಾರೆ. ಗೋಡೆಗೆ ಹಾಕಿ ಹಾರ ಹಾಕಲು ಫೋಟೋ ಬೇಕು, ಸ್ಪಷ್ಟವಾಗಿರುವುದು ಆಸ್ಪತ್ರೆಯ ಕೊನೆಯ ದಿನಗಳದ್ದು ಒಂದೇ. ಕೆನ್ನೆ ಬತ್ತಿ, ಕುತ್ತಿಗೆ ಕಡ್ಡಿಯಾಗಿರುತ್ತದೆ. ಮಗ ಬಂದು “ಇದು ನಮ್ಮಪ್ಪನ ಥರಾನೇ ಇಲ್ಲ” ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಊಹೆಯಿಂದ ಕೆನ್ನೆ ಉಬ್ಬಿಸಬೇಡ. ಹಳೆಯ ಫೋಟೋ ತರಿಸು. ರೇಷನ್ ಕಾರ್ಡಿನದ್ದು, ಯಾರದೋ ಮದುವೆಯ ಗುಂಪಿನದ್ದು, ಮಸುಕಾಗಿದ್ದರೂ ಪರವಾಗಿಲ್ಲ. ದವಡೆ ಎಲ್ಲಿ ಅಗಲ, ನಕ್ಕಾಗ ಕೆನ್ನೆ ಎಲ್ಲಿ ಏಳುತ್ತದೆ ಎಂಬುದನ್ನು ಅದರಲ್ಲಿ ನೋಡಿ, ಪಕ್ಕದಲ್ಲಿ ತೆರೆದಿಟ್ಟುಕೊಂಡು, ಅಷ್ಟೇ ತುಂಬು. ಮನೆಯ ಹೆಂಗಸರನ್ನು ಕರೆದು ತೋರಿಸು, ಹೆಂಡತಿಯ ಮಾತೇ ಕೊನೆಯ ಮಾತು. ಈ ಕೆಲಸಕ್ಕೆ ಅವಸರ ಮಾಡಬೇಡ, ದುಡ್ಡನ್ನೂ ಜಾಸ್ತಿ ಕೇಳಬೇಡ.

ಕೇಳದೆ ಮೈ ಸಣ್ಣ ಮಾಡಲು ಹೋಗಿ ದೊಡ್ಡ ದೊಡ್ಡ ಪತ್ರಿಕೆಗಳೂ ಮುಖಭಂಗ ಅನುಭವಿಸಿವೆ. 2003ರಲ್ಲಿ ಬ್ರಿಟನ್ನಿನ ಜಿಕ್ಯೂ ಮುಖಪುಟದಲ್ಲಿ ನಟಿ ಕೇಟ್ ವಿನ್ಸ್‌ಲೆಟ್ ಅವರನ್ನು ತೆಳ್ಳಗೆ ಮಾಡಿ ಹಾಕಿದರು. ತಾನು ಹಾಗಿಲ್ಲ, ಹಾಗಿರುವ ಆಸೆಯೂ ಇಲ್ಲ ಎಂದು ಆಕೆಯೇ ಹೇಳಿದರು. 2006ರಲ್ಲಿ ಸಿಬಿಎಸ್ ವಾಹಿನಿಯ ಸ್ವಂತ ಪತ್ರಿಕೆ ಸುದ್ದಿ ಓದುತ್ತಿದ್ದ ಕೇಟಿ ಕ್ಯೂರಿಕ್ ಅವರ ಮೈ ಇಳಿಸಿ ಛಾಪಿಸಿದಾಗ, ಮೊದಲಿನ ಫೋಟೋವೇ ತನಗಿಷ್ಟ ಎಂದರು ಆಕೆ. ಇಬ್ಬರನ್ನೂ ಮೊದಲೇ ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕಾನೂನೂ ಬಂದಿದೆ. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್ 1ರಿಂದ, ಜಾಹೀರಾತಿನಲ್ಲಿ ರೂಪದರ್ಶಿಯ ಮೈಯನ್ನು ಸಣ್ಣ ಅಥವಾ ದಪ್ಪ ಮಾಡಿದ್ದರೆ ಚಿತ್ರ ತಿದ್ದಿದೆ ಎಂದು ಬರೆಯಲೇಬೇಕು, ತಪ್ಪಿದರೆ ದಂಡ 37,500 ಯೂರೋ. ನಾರ್ವೆ 2022ರ ಜುಲೈ 1ರಿಂದ ಇಂಥದ್ದೇ ನಿಯಮ ತಂದಿತು. ನಾಳೆ ಯಾವುದಾದರೂ ಸೀರೆ ಅಂಗಡಿಯ ಜಾಹೀರಾತು ನಿನ್ನ ಕೈಗೆ ಬಂದಾಗ ಇದನ್ನು ಅವರಿಗೆ ಹೇಳು. ಸೀರೆಯ ಬಣ್ಣ ತಿದ್ದಲಿ, ಉಟ್ಟವಳನ್ನು ಬಿಡಲಿ.

ಪಾಸ್‌ಪೋರ್ಟ್ ಫೋಟೋದಲ್ಲಂತೂ ಏನನ್ನೂ ಮುಟ್ಟಬೇಡ. ತಂತ್ರಾಂಶದಿಂದ ಬದಲಾಯಿಸಿದ ಫೋಟೋ ನಡೆಯುವುದಿಲ್ಲ ಎಂದು ನಿಯಮವೇ ಇದೆ. ಮುಖದ ಅಳತೆಯನ್ನು ಯಂತ್ರ ಓದುವಾಗ ನೀನು ಸಣ್ಣ ಮಾಡಿದ ದವಡೆಯಿಂದ ಯಾರೋ ವಿಮಾನ ನಿಲ್ದಾಣದಲ್ಲಿ ನಿಂತುಕೊಳ್ಳಬೇಕಾದೀತು.

ಇನ್ನೊಂದನ್ನು ಬಾಯಿಬಿಟ್ಟು ಹೇಳಲೇಬೇಕು. ಒಬ್ಬ ಹುಡುಗ ಬಂದು, ಫೋಟೋದಲ್ಲಿರುವವಳು ಎದುರಿಗೆ ಇಲ್ಲದೆ, ಅವಳ ಮೈಯನ್ನು ಹೀಗೆ ಮಾಡು, ಈ ಬಟ್ಟೆ ತೆಗೆದು ಆ ಬಟ್ಟೆ ಹಾಕು ಎಂದರೆ, ತಮಾಷೆಗೆ ಎಂದರೂ, ಪೆನ್‌ಡ್ರೈವ್ ವಾಪಸು ಕೊಟ್ಟು ಹೊರಗೆ ಕಳಿಸು. ಇಲ್ಲಿ ಲೆನ್ಸಿನ ದೋಷ, ಬಟ್ಟೆಯ ದೋಷ ಎಂಬ ಚರ್ಚೆಯೇ ಬೇಡ. ಮಾರ್ಫ್ ಮಾಡಿದ ಚಿತ್ರದ ಬಗ್ಗೆ ದೂರು ಬಂದರೆ ಜಾಲತಾಣದವರು ತೆಗೆದುಹಾಕಬೇಕೆಂದು ನಮ್ಮ ದೇಶದ 2021ರ ಐಟಿ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ಪೊಲೀಸರು ಹುಡುಕಿಕೊಂಡು ಬಂದರೆ ಮಾಡಿಸಿದವನಷ್ಟೇ ಅಲ್ಲ, ಮಾಡಿಕೊಟ್ಟವರೂ ಉತ್ತರ ಹೇಳಬೇಕು. ಕೇಸಿನ ಮಾತು ಹಾಗಿರಲಿ, ಆ ಹುಡುಗಿ ಕಾಲೇಜಿಗೆ ಹೋಗುವುದನ್ನೇ ಬಿಟ್ಟುಬಿಡಬಹುದು.

ಮೂಲ ಫೋಟೋವನ್ನು ಯಾವತ್ತೂ ಅಳಿಸಬೇಡ. ಪ್ರತಿ ಗಿರಾಕಿಗೂ ಒಂದು ಫೋಲ್ಡರ್, ಅದರೊಳಗೆ ಮೂಲ ಬೇರೆ, ತಿದ್ದಿದ್ದು ಬೇರೆ. ಕೆಲಸ ಮಾಡಿದ ಕಡತವನ್ನು ಲೇಯರುಗಳ ಸಮೇತ ಎಕ್ಸ್‌ಸಿಎಫ್ ಆಗಿ ಉಳಿಸು, ಬರಿ ಜೇಪೆಗ್ ಮಾಡಿ ಮುಚ್ಚಿಬಿಡಬೇಡ. ಇವತ್ತು ಹೊಟ್ಟೆ ತೆಗೆಸಿಕೊಂಡವಳೇ ಹತ್ತು ವರ್ಷ ಬಿಟ್ಟು ಬಂದು, ಆವತ್ತಿನ ಫೋಟೋ ಇದ್ದ ಹಾಗೇ ಬೇಕು ಎಂದು ಕೇಳುವುದುಂಟು. ಆಗ ತೆಗೆದು ಕೊಡಲು ನಿನ್ನ ಹತ್ತಿರ ಇರಬೇಕು.

ಒಪ್ಪದ ಕೆಲಸ ಬಂದಾಗ ಇಲ್ಲ ಅನ್ನಲು ನಾಲಿಗೆ ಬರದಿದ್ದರೆ, ನಮ್ಮ ದೊಡ್ಡಪ್ಪ ಬೇಡ ಅಂದಿದ್ದಾರೆ ಎಂದು ನನ್ನ ಮೇಲೆ ಹಾಕು. ಗಿರಾಕಿ ಪಕ್ಕದ ಅಂಗಡಿಗೆ ಹೋದರೆ ಹೋಗಲಿ. ಆ ತಿಂಗಳ ಬಾಡಿಗೆಗೆ ಕಡಿಮೆ ಬಿದ್ದರೆ ಸಂಕೋಚ ಮಾಡಿಕೊಳ್ಳದೆ ನನಗೆ ಫೋನ್ ಮಾಡು.